ಕೆಂಚ ಹೋದ ಮೇಲಿನ ಹೊತ್ತುಗಳು

ಮುದಿ ನಾಯಿ ನೀರು ಜಾಸ್ತಿ ಕುಡಿಯತೊಡಗಿದರೆ ಮೊದಲು ಅಳೆಯಬೇಕು. ಬೆಳಿಗ್ಗೆ ಲೀಟರ್ ಅಳತೆಯಲ್ಲಿ ಎಣಿಸಿ ಬೋಗುಣಿಗೆ ನೀರು ಹುಯ್ಯುವುದು, ಮಾರನೇ ದಿನ ಅದೇ ಹೊತ್ತಿಗೆ ಉಳಿದದ್ದನ್ನು ಅಳೆದು ಕಳೆಯುವುದು. ಒಂದು ಕಿಲೋ ಮೈತೂಕಕ್ಕೆ ದಿನಕ್ಕೆ 100 ಮಿಲಿ ದಾಟಿದರೆ ಅದು ಸೆಕೆಯ ಬಾಯಾರಿಕೆಯಲ್ಲ. ನಮ್ಮ ಕೆಂಚನ ತೂಕ 28 ಕಿಲೋ, ವಯಸ್ಸು ಹದಿಮೂರು. ಆ ಲೆಕ್ಕದಲ್ಲಿ 2.8 ಲೀಟರ್ ಅವನ ಮಿತಿ. ಕಾಫಿಗೆ ಹೂ ತರುವ ಹೂಮಳೆ ಬಿದ್ದು ತೋಟ ತಂಪಾದ ಮೇಲೂ ಅವನು ದಿನಕ್ಕೆ ಮೂರೂವರೆ ಲೀಟರ್ ಕುಡಿಯುತ್ತಿದ್ದ, ರಾತ್ರಿ ಎರಡು ಸಲ ಎದ್ದು ಬಾಗಿಲು ಕೆರೆಯುತ್ತಿದ್ದ. ಮಳೆಗಾಲದಲ್ಲಾದರೆ ಈ ಲೆಕ್ಕ ಸಿಗುವುದಿಲ್ಲ. ಅಂಗಳದ ಹೊಂಡ, ಸೂರಿನಡಿಯ ಹಂಡೆ, ಎಲ್ಲ ಕಡೆ ಬಾಯಿ ಹಾಕುತ್ತವೆ. ಒಂದು ದಿನ ಕಟ್ಟಿಹಾಕಿಯೇ ಅಳೆಯಬೇಕು.

ಸಕಲೇಶಪುರದ ಕಡೆಯವರಿಗೆ ರಕ್ತ ಪರೀಕ್ಷೆ ಅಂದರೆ ಹಾಸನ, ನಲವತ್ತು ಕಿಲೋಮೀಟರ್ ದಾರಿ. ಅಲ್ಲಿ ಪಶುವೈದ್ಯಕೀಯ ಕಾಲೇಜು ಇರುವುದು ನಮ್ಮ ಜಿಲ್ಲೆಯವರ ಪುಣ್ಯ. ನೋಡಬೇಕಾದ ಅಂಕಿ ಕ್ರಿಯಾಟಿನಿನ್, ಮೂತ್ರಪಿಂಡ ರಕ್ತದಿಂದ ಸೋಸಿ ತೆಗೆಯಬೇಕಾದ ಕಸ. ನಾಯಿಯಲ್ಲಿ ಅದು 1.4ರ ಒಳಗಿರಬೇಕು. 2.9ರಿಂದ 5ರವರೆಗೆ ಮೂತ್ರಪಿಂಡ ಕಾಯಿಲೆಯ ಮೂರನೇ ಹಂತ, 5 ದಾಟಿದರೆ ನಾಲ್ಕನೇದು, ಕೊನೇದು. ಕೆಂಚನಿಗೆ 4.1 ಇತ್ತು. ಹಾಳಾದ ಮೂತ್ರಪಿಂಡ ಮತ್ತೆ ಚಿಗುರುವುದಿಲ್ಲ, ಉಳಿದಷ್ಟನ್ನು ಜೋಪಾನ ಮಾಡುವುದೇ ಚಿಕಿತ್ಸೆ. ಈ ಹಂತದಲ್ಲಿ ಮನೆಯವರು ಮಾಡುವ ದೊಡ್ಡ ತಪ್ಪು, ನಾಯಿ ಕುಂಟುತ್ತಿದೆ ಅಂತ ಮನುಷ್ಯರ ನೋವಿನ ಮಾತ್ರೆ ನುಂಗಿಸುವುದು. ಡೈಕ್ಲೋಫೆನಾಕ್, ಐಬುಪ್ರೊಫೆನ್, ಪ್ಯಾರಸಿಟಮಾಲ್ ಯಾವುದೂ ಬೇಡ. ಮೊದಲೆರಡು ಇದ್ದಬದ್ದ ಮೂತ್ರಪಿಂಡವನ್ನೂ ಮುಗಿಸುತ್ತವೆ.

ಚರ್ಮದಡಿಗೆ ಡ್ರಿಪ್ ಕೊಡುವುದನ್ನು ಡಾಕ್ಟರು ಕಲಿಸಿಕೊಟ್ಟರೆ ಮನೆಯಲ್ಲೇ ಮಾಡಬಹುದು. ಅವರು ಹೇಳಿದ ಅಳತೆಯಷ್ಟೇ, ಒಂದು ಹನಿ ಹೆಚ್ಚಿಲ್ಲ. ಹೃದಯ ಸೋತ ನಾಯಿಗೆ ಇದೇ ನೀರು ಶ್ವಾಸಕ್ಕೆ ಏರುತ್ತದೆ. ಕೆಂಚನಿಗೆ ದಿನಕ್ಕೆ 300 ಮಿಲಿ ರಿಂಗರ್ ಲ್ಯಾಕ್ಟೇಟ್. ಬಾಟಲಿಯನ್ನು ಕಿಟಕಿಯ ಸರಳಿಗೆ ನೇತುಹಾಕಿ, ಹೆಗಲುಗಳ ನಡುವಿನ ಚರ್ಮವನ್ನು ಎರಡು ಬೆರಳಲ್ಲಿ ಗುಡಾರದ ಹಾಗೆ ಎತ್ತಿ, ಆ ಗುಡಾರದ ಬಾಯಿಗೆ 18 ನಂಬರಿನ ಸೂಜಿ. ಎರಡು ಕಡೆ ಎಡವುತ್ತೇವೆ. ಸೂಜಿ ಚರ್ಮದ ಇನ್ನೊಂದು ಬದಿಗೂ ತೂತು ಮಾಡಿ ಹೊರಬಂದರೆ ಬಾಟಲಿ ಇಳಿಯುತ್ತಿರುತ್ತದೆ, ನಾಯಿಯ ಮೈಮೇಲಿನ ಕೂದಲು ಒದ್ದೆಯಾಗುತ್ತಿರುತ್ತದೆ. ಅದಕ್ಕೇ ಒಂದು ಅಂಗೈ ಯಾವಾಗಲೂ ಆ ಜಾಗದ ಮೇಲೆ ಇರಬೇಕು. ಎರಡನೇದು ಚಳಿ. ನಮ್ಮ ಕಡೆ ಜೂನ್-ಜುಲೈಯಲ್ಲಿ ಒಳಗಿಟ್ಟ ಬಾಟಲಿಯೂ ಮಂಜುಗಡ್ಡೆಯ ಹಾಗಿರುತ್ತದೆ, ಹಾಗೇ ಬಿಟ್ಟರೆ ನಾಯಿ ನಡುಗಿ ಎದ್ದುಹೋಗುತ್ತದೆ. ಉಗುರುಬೆಚ್ಚಗಿನ ನೀರಿನ ಪಾತ್ರೆಯಲ್ಲಿ ಹತ್ತು ನಿಮಿಷ ಬಾಟಲಿ ಇಟ್ಟು, ಮಣಿಕಟ್ಟಿನ ಮೇಲೆ ಒರಗಿಸಿ ನೋಡಿ ಕೊಟ್ಟರೆ ಕಣ್ಣುಮುಚ್ಚಿ ಮಲಗುತ್ತದೆ. ಆಮೇಲೆ ಬೆನ್ನಮೇಲೆ ಏಳುವ ದಿಬ್ಬ ನಿಧಾನಕ್ಕೆ ಮುಂಗಾಲಿನತ್ತ ಜಾರುತ್ತದೆ, ಸಂಜೆಯೊಳಗೆ ಇಂಗುತ್ತದೆ. ಹೆದರಬೇಕಿಲ್ಲ.

ಕ್ಯಾಲೆಂಡರಿನಲ್ಲಿ ಗುರುತು ಹಾಕುವುದನ್ನು ಕಾಯಿಲೆ ಗೊತ್ತಾದ ದಿನದಿಂದಲೇ ಶುರುಮಾಡುವುದು ಒಳ್ಳೆಯದು. ತಾನಾಗಿ ಎದ್ದನೇ, ಏನಾದರೂ ತಿಂದನೇ, ಗೇಟಿನ ಸದ್ದಿಗೆ ಕಿವಿ ನಿಮಿರಿತೇ, ಮಲಗಿದಲ್ಲೇ ಉಚ್ಚೆ ಹೋಗದೆ ದಿನ ಕಳೆಯಿತೇ. ಈ ನಾಲ್ಕರಲ್ಲಿ ಮೂರಕ್ಕೆ ಹೌದು ಅಂದರೆ ತಾರೀಖಿನ ಸುತ್ತ ಸೊನ್ನೆ, ಇಲ್ಲದಿದ್ದರೆ ಅಡ್ಡಗೆರೆ. ದಿನಾ ಕಣ್ಣಮುಂದೆ ಇರುವ ಪ್ರಾಣಿ ಇಳಿಯುತ್ತಿರುವುದು ಕಾಣುವುದಿಲ್ಲ. ಒಂದು ದಿನ ಬಾಲ ಅಲ್ಲಾಡಿಸಿದರೆ ಹುಷಾರಾಯಿತು ಅನ್ನಿಸಿಬಿಡುತ್ತದೆ. ಪುಟ ತಿರುಗಿಸಿ ಜೂನ್ ತಿಂಗಳು ನೋಡಿದಾಗ ಗೆರೆಗಳು ಸೊನ್ನೆಗಳನ್ನು ಹಿಂದೆ ಹಾಕಿದ್ದು ಮನೆಯ ಎಲ್ಲರಿಗೂ ಒಟ್ಟಿಗೇ ಕಂಡಿತು. ಯಾರೂ ಯಾರನ್ನೂ ಒಪ್ಪಿಸಬೇಕಾಗಲಿಲ್ಲ. ಮಲಗಿದ ನಾಯಿಯನ್ನು ಮೂರು ನಾಲ್ಕು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಅಡಿಗೆ ಹುಲ್ಲು ತುಂಬಿದ ಗೋಣಿ, ಮೇಲೆ ಹಳೇ ಕಂಬಳಿ. ಮಳೆಗಾಲದಲ್ಲಿ ಬಾಲದ ಬುಡ, ತೊಡೆಸಂದು ದಿನಕ್ಕೆರಡು ಸಲ ನೋಡದಿದ್ದರೆ ನೊಣ ಮೊಟ್ಟೆಯಿಟ್ಟು ಹುಳ ಬೀಳುತ್ತದೆ.

ಇಂಜೆಕ್ಷನ್ ಕೊಟ್ಟು ಕಳಿಸುವುದೋ ತಾನಾಗಿ ಹೋಗಲಿ ಅಂತ ಕಾಯುವುದೋ, ಇದನ್ನು ಪ್ರತಿ ಮನೆಯೂ ತನ್ನ ಮನಸ್ಸಿನಂತೆ ತೀರ್ಮಾನಿಸುತ್ತದೆ. ನನ್ನ ಅಭಿಪ್ರಾಯ ಇಷ್ಟು: ಮೂತ್ರಪಿಂಡ ಪೂರ್ತಿ ನಿಂತ ನಾಯಿಯ ಕೊನೆಯ ಎರಡು ಮೂರು ದಿನ ವಾಂತಿ, ಬಾಯಿಹುಣ್ಣು, ಅದುರುವಿಕೆಯಲ್ಲಿ ಕಳೆಯುತ್ತದೆ. ಅದನ್ನು ತಪ್ಪಿಸುವ ದಾರಿ ಇರುವಾಗ ತಪ್ಪಿಸುವುದು ಪಾಪವಲ್ಲ. ಆದರೆ ಈ ಮಾತನ್ನು ಡಾಕ್ಟರ ಹತ್ತಿರ ಮೊದಲೇ ಆಡಿಟ್ಟಿರಬೇಕು. ಪುನರ್ವಸು ಮಳೆ ಹೊಡೆಯುವ ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿದರೆ ಮಣ್ಣುರಸ್ತೆಯಲ್ಲಿ ಯಾರು ತಾನೇ ಬಂದಾರು? ಇನ್ನೊಂದು ಕಾರಣವೂ ಇದೆ. ನೀರಾರಿದ ನಾಯಿಯ ರಕ್ತನಾಳ ಕುಸಿದಿರುತ್ತದೆ, ಸೂಜಿ ಸಿಗುವುದು ಕಷ್ಟ. ಮೈಯಲ್ಲಿ ಒಂದಿಷ್ಟು ಶಕ್ತಿ ಇರುವಾಗಲೇ ಮುಂಗಾಲಿಗೆ ಕ್ಯಾನುಲಾ, ಅಂದರೆ ರಕ್ತನಾಳದೊಳಗೆ ಉಳಿಯುವ ಸಣ್ಣ ಕೊಳವೆ, ಹಾಕಿಸಿಟ್ಟರೆ ಕೊನೆಯ ಗಳಿಗೆಯಲ್ಲಿ ಚುಚ್ಚಾಟ ತಪ್ಪುತ್ತದೆ.

ಹೇಗೆ ನಡೆಯುತ್ತದೆ ಅನ್ನುವುದು ಮೊದಲೇ ತಿಳಿದಿದ್ದರೆ ಭಯ ಅರ್ಧ ಇಳಿಯುತ್ತದೆ. ಮೊದಲು ಮಂಪರಿನ ಮದ್ದು. ಐದು ಹತ್ತು ನಿಮಿಷದಲ್ಲಿ ತಲೆ ಭಾರವಾಗಿ ತೊಡೆಮೇಲೆ ಬೀಳುತ್ತದೆ. ಮಾತಾಡಿಸುವುದಿದ್ದರೆ ಅದಕ್ಕೂ ಮುಂಚೆ ಮಾತಾಡಿಸಬೇಕು. ಆಮೇಲೆ ಅರಿವಳಿಕೆ ಮದ್ದಿನ ದೊಡ್ಡ ಪ್ರಮಾಣ, ಒಂದೆರಡು ನಿಮಿಷದಲ್ಲಿ ಹೃದಯ ನಿಲ್ಲುತ್ತದೆ. ಡಾಕ್ಟರು ಸ್ಟೆತಾಸ್ಕೋಪ್ ಇಟ್ಟು ಕೇಳಿ ಹೇಳುವವರೆಗೆ ಕೈ ತೆಗೆಯಬೇಡಿ. ಹೇಳಿದ ಮೇಲೂ ಒಂದೋ ಎರಡೋ ದೀರ್ಘ ಉಸಿರು ಬರಬಹುದು, ತೊಡೆಯ ಮಾಂಸ ಅದುರಬಹುದು, ಉಚ್ಚೆ ಹೋಗಬಹುದು. ಅದು ಜೀವ ಅಲ್ಲ, ಸ್ನಾಯುಗಳು ಸಡಿಲಾಗುವುದು. ಕಣ್ಣು ತೆರೆದೇ ಇರುತ್ತವೆ. "ನೋವಾಗ್ಲಿಲ್ಲ ಅಮ್ಮಾ, ನಿದ್ದೆಯಲ್ಲೇ ಹೋದ" ಅಂತ ನಮ್ಮ ಡಾಕ್ಟರು ಹೇಳಿದರು. ಆ ಮಾತು ಎಷ್ಟು ಸಲ ನೆನಪಾಗಿದೆಯೋ.

ಮುಂದಿನ ಅರ್ಧ ಗಂಟೆ ಅಳುವುದಕ್ಕೂ ಇದೆ, ಕೆಲಸಕ್ಕೂ ಇದೆ. ಮೈ ಮರಗಟ್ಟುವುದು ಎರಡು ಮೂರು ಗಂಟೆಯೊಳಗೆ ಶುರುವಾಗುತ್ತದೆ, ಒಮ್ಮೆ ಸೆಟೆದರೆ ಒಂದು ದಿನಕ್ಕಿಂತ ಮೊದಲು ಬಿಡುವುದಿಲ್ಲ. ಕಾಲು ಚಾಚಿಕೊಂಡೇ ಸೆಟೆದರೆ ಎರಡರಷ್ಟು ದೊಡ್ಡ ಗುಂಡಿ ಬೇಕಾಗುತ್ತದೆ, ಮಡಿಸಲು ಹೋದರೆ ಕರುಳು ಕಿತ್ತುಬರುವ ಹಾಗಾಗುತ್ತದೆ. ಅದಕ್ಕೇ ತಕ್ಷಣ ನಾಯಿ ಚಳಿಗೆ ಮುದುಡಿ ಮಲಗುವ ಹಾಗೆ ನಾಲ್ಕೂ ಕಾಲು ಹೊಟ್ಟೆಯತ್ತ ಮಡಿಸಿ, ಮೂತಿಯನ್ನು ಮುಂಗಾಲಿನ ಮೇಲಿಟ್ಟು, ಬಾಲವನ್ನು ಒಳಗೆ ತಂದು ಬಿಡಬೇಕು. ರೆಪ್ಪೆಯನ್ನು ಬೆರಳಲ್ಲಿ ಒತ್ತಿ ಸ್ವಲ್ಪ ಹೊತ್ತು ಹಿಡಿದರೆ ಅರ್ಧವಾದರೂ ಮುಚ್ಚುತ್ತದೆ. ಕೆಳಗೆ ಬಿಳಿ ಬಟ್ಟೆಯೇ ಹಾಸಬೇಕು. ಮೈ ತಣ್ಣಗಾಗುತ್ತಿದ್ದಂತೆ ಉಣುಗು, ಚಿಗಟಗಳು ಇಳಿದು ಹೊರಡುತ್ತವೆ, ಬಿಳಿ ಬಟ್ಟೆಯ ಮೇಲಾದರೆ ಕಾಣುತ್ತವೆ. ತೊಡೆಮೇಲೆ ಇಟ್ಟುಕೊಂಡು ತುಂಬಾ ಹೊತ್ತು ಕೂರಬಾರದು ಅನ್ನುವುದಕ್ಕೂ ಅದೇ ಕಾರಣ. ಉಚ್ಚೆಯಾದ ಕಂಬಳಿಯನ್ನು ಕೈಗವಸು ಹಾಕಿಕೊಂಡೇ ಎತ್ತಬೇಕು, ಮಳೆಗಾಲದಲ್ಲಿ ಇಲಿಜ್ವರ ನಾಯಿಯ ಉಚ್ಚೆಯಿಂದಲೂ ಹಬ್ಬುತ್ತದೆ.

ಒಂದು ಎಚ್ಚರಿಕೆಯನ್ನು ಇಲ್ಲೇ ಹೇಳಿಬಿಡುತ್ತೇನೆ. ಸಾಯುವ ಮುಂಚೆ ಸ್ವಭಾವ ಏಕಾಏಕಿ ಬದಲಾಗಿದ್ದರೆ, ಕೆಳದವಡೆ ಜೋತುಬಿದ್ದು ಜೊಲ್ಲು ಸುರಿದಿದ್ದರೆ, ಗಂಟಲು ಕಟ್ಟಿದ ಹಾಗೆ ಬೊಗಳಿದ್ದರೆ ಮುಟ್ಟಲೇಬೇಡಿ. ಮೊದಲು ಪಶುವೈದ್ಯರಿಗೆ ತಿಳಿಸಿ. ಕಚ್ಚಿಸಿಕೊಂಡವರು, ಜೊಲ್ಲು ಗಾಯಕ್ಕೆ ತಾಗಿದವರು ಹದಿನೈದು ನಿಮಿಷ ಸೋಪು ನೀರಲ್ಲಿ ತೊಳೆದು ಆವತ್ತೇ ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ರೇಬಿಸ್ ವಿಷಯದಲ್ಲಿ ನಾಳೆ ನೋಡೋಣ ಅನ್ನುವ ಮಾತಿಲ್ಲ.

ಇನ್ನು ಗುಂಡಿ. ಮಲೆನಾಡಿನಲ್ಲಿ ಮಳೆಗಾಲದಲ್ಲಿ ನಾಯಿ ಹೂಳಿದವರು ಎಷ್ಟೋ ಸಲ ಎರಡು ಬಾರಿ ಅಳುತ್ತಾರೆ, ಹೂತ ದಿನ ಒಮ್ಮೆ, ಕಾಡುಹಂದಿ ಬಗೆದುಹಾಕಿದ ಬೆಳಿಗ್ಗೆ ಇನ್ನೊಮ್ಮೆ. ಆಳ ಸಾಲದಿರುವುದೇ ಕಾರಣ. ಎರಡಡಿ ತೋಡುವಷ್ಟರಲ್ಲಿ ಮಳೆ, ಬೇರು, ಸುಸ್ತು, ಸಾಕು ಬಿಡಿ ಅನ್ನಿಸುತ್ತದೆ. ಇಂಜೆಕ್ಷನ್ ಕೊಟ್ಟ ನಾಯಿಯಾದರೆ ಮದ್ದು ಮಾಂಸದಲ್ಲಿ ಉಳಿದಿರುತ್ತದೆ, ತಿಂದ ನರಿಯೋ ಬೀದಿನಾಯಿಯೋ ಅದರಿಂದಲೇ ಸಾಯಬಹುದು. ಹಾಗಾಗಿ ನಾಲ್ಕಡಿ ಆಳ, ಅದಕ್ಕಿಂತ ಕಡಿಮೆ ಬೇಡ. ಮಡಿಸಿ ಮಲಗಿಸಿದ 28 ಕಿಲೋ ನಾಯಿಗೆ ಮೂರಡಿಗೆ ಎರಡಡಿ ಜಾಗ ಸಾಕಾದರೂ ಗುಂಡಿ ನಾಲ್ಕಡಿ ಉದ್ದ, ಮೂರಡಿ ಅಗಲ ಇರಬೇಕು. ಹೆಚ್ಚಿನ ಒಂದಡಿ ನಾಯಿಗಲ್ಲ, ಒಳಗೆ ನಿಂತು ಮಣ್ಣು ಎತ್ತುವವನಿಗೆ. 48 ಘನ ಅಡಿ ಮಣ್ಣು, ಇಬ್ಬರಿಗೆ ಮೂರು ಗಂಟೆಯ ಕೆಲಸ. ಬೇಕಾದ್ದು ಗುದ್ದಲಿ, ಹಾರೆ, ಪಿಕಾಸಿ, ಬೇರು ಕಡಿಯಲು ಒಂದು ಕತ್ತಿ, ಎರಡು ಬಾಣಲಿ.

ಜಾಗ ಆರಿಸುವುದರಲ್ಲಿ ನಾವು ಎಡವಿದೆವು. ಕೆಂಚ ಬಿಸಿಲು ಕಾಯಿಸುತ್ತಿದ್ದ ಹಲಸಿನ ಮರದಡಿಯೇ ಆಗಬೇಕು ಅಂತ ಮನಸ್ಸು. ಅದು ತೋಟದ ತಗ್ಗು. ಮೂರಡಿಗೆ ಇಳಿಯುತ್ತಿದ್ದಂತೆ ಮೂಲೆಯಿಂದ ಕೆಂಪು ನೀರು ಒಸರತೊಡಗಿತು, ಬಾಣಲಿಯಲ್ಲಿ ಎತ್ತಿ ಚೆಲ್ಲಿದಷ್ಟೂ ತುಂಬಿತು. ಮೇಸ್ತ್ರಿ ಗುದ್ದಲಿ ಬದಿಗಿಟ್ಟು, "ಅಮ್ಮಾರೇ, ಇಲ್ಲಿ ಜಲ ಐತೆ. ಅವ್ನನ್ನ ನೀರಾಗೆ ಮಲಗ್ಸದು ಬ್ಯಾಡ, ಮ್ಯಾಲಕ್ಕೆ ಹೋಗನ" ಅಂದ. ಅವನ ಮಾತೇ ಸರಿ. ನೀರು ನಿಂತ ಗುಂಡಿಯಲ್ಲಿ ದೇಹ ಮಣ್ಣಾಗುವುದಿಲ್ಲ, ಉಬ್ಬಿ ಮಣ್ಣನ್ನೇ ಮೇಲೆತ್ತುತ್ತದೆ, ವಾಸನೆಗೆ ಹಂದಿ ಬರುತ್ತದೆ. ಆಷಾಢದಲ್ಲಿ ಒರತೆ ಎರಡು ಮೂರಡಿಗೇ ಸಿಗುವ ತಗ್ಗು, ಹಳ್ಳದ ದಂಡೆ, ಮೋರಿ ಬದಿ, ಮಳೆನೀರು ಇಂಗಲು ಕಾಫಿ ಸಾಲಿನ ನಡುವೆ ತೋಡುವ ತೊಟ್ಟಿಲು ಗುಂಡಿಗಳ ಸಾಲು ಇವನ್ನು ಬಿಟ್ಟು ಇಳಿಜಾರಿನ ಮೇಲ್ಭಾಗ ನೋಡಬೇಕು. ಕುಡಿಯುವ ನೀರಿನ ಬಾವಿಯಿಂದ ಕಡೇಪಕ್ಷ ನೂರೈವತ್ತು ಅಡಿ ದೂರ, ಅದೂ ಬಾವಿಗಿಂತ ಮೇಲಿನ ಇಳಿಜಾರಿನಲ್ಲಲ್ಲ. ಕಾಫಿ ಗಿಡದ ಬುಡಕ್ಕೆ ಹತ್ತಿರವಾದರೆ ಆಹಾರ ಬೇರುಗಳು ಕಡಿದುಹೋಗುತ್ತವೆ. ನಾಲ್ಕು ಗಿಡಗಳ ನಡುಮಧ್ಯ ಸರಿಯಾದ ಜಾಗ, ಗಿಡ ಒತ್ತಾಗಿದ್ದರೆ ಸಾಲು ತಪ್ಪಿದ ಖಾಲಿ ಜಾಗ.

ಎರಡನೇ ಗುಂಡಿಗೆ ಮೊದಲು ನಾಲ್ಕು ಬಿದಿರು ನೆಟ್ಟು ಮೇಲೆ ಟಾರ್ಪಾಲು ಕಟ್ಟಿದೆವು, ಮೇಲ್ಬದಿಗೆ ಅರ್ಧ ಅಡಿಯ ಕಾಲುವೆ ಹೊಡೆದು ಹರಿಯುವ ನೀರನ್ನು ಬದಿಗೆ ತಿರುಗಿಸಿದೆವು. ಅಗೆಯುವಾಗ ಮೇಲಿನ ಒಂದೂವರೆ ಅಡಿ ಕಪ್ಪುಮಣ್ಣನ್ನು ಒಂದು ಕಡೆ, ಕೆಳಗಿನ ಕೆಂಪುಮಣ್ಣು, ಜಂಬಿಟ್ಟಿಗೆ ಚೂರನ್ನು ಇನ್ನೊಂದು ಕಡೆ ಹಾಕಬೇಕು. ಮುಚ್ಚುವಾಗ ಅದೇ ಕ್ರಮದಲ್ಲಿ ಹಿಂದಕ್ಕೆ. ಕಲಸಿಬಿಟ್ಟರೆ ಮೇಲೆ ಜಂಬಿಟ್ಟಿಗೆ ಬಂದು ವರ್ಷವಾದರೂ ಹುಲ್ಲು ಹುಟ್ಟುವುದಿಲ್ಲ.

ಸುತ್ತಲು ಹತ್ತಿ ಬಟ್ಟೆ, ಹಳೇ ಪಂಚೆ, ಗೋಣಿ ಯಾವುದಾದರೂ ಆಗುತ್ತದೆ, ಪ್ಲಾಸ್ಟಿಕ್ ಮಾತ್ರ ಆಗದು. ನೈಲಾನ್ ಬೆಲ್ಟು, ಕ್ಯಾನುಲಾ, ಅಂಟುಪಟ್ಟಿ ತೆಗೆದಿರಬೇಕು. ಗೋಣಿಯ ನಾಲ್ಕು ಮೂಲೆ ಹಿಡಿದು ಇಳಿಸಬೇಕು, ಎತ್ತಿಹಾಕುವ ಸದ್ದು ಮನೆಯವರ ಕಿವಿಯಲ್ಲಿ ಬಹಳ ದಿನ ಉಳಿಯುತ್ತದೆ. ಉಪ್ಪು, ಸುಣ್ಣ ಸುರಿಯುವುದು ನಮ್ಮಲ್ಲಿ ರೂಢಿ. ಒಂದು ಹಿಡಿ ಶಾಸ್ತ್ರಕ್ಕೆ ಹಾಕುವುದಾದರೆ ಸರಿ, ಚೀಲಗಟ್ಟಲೆ ಬೇಡ. ಸುಣ್ಣ ಕೊಳೆಯುವುದನ್ನು ಬೇಗ ಮಾಡುವುದಿಲ್ಲ, ತಡಮಾಡುತ್ತದೆ. ಉಪ್ಪು ಸುತ್ತಲಿನ ಗಿಡದ ಬೇರು ಸುಡುತ್ತದೆ. ಇಷ್ಟ ಅಂತ ಬಿಸ್ಕತ್ತು, ಮಾಂಸ ಇಡುವುದೂ ಬೇಡ, ಅದು ಹಂದಿಗೆ ಕೊಟ್ಟ ಕರೆ.

ಒಂದೂವರೆ ಅಡಿ ಮಣ್ಣು ಹಾಕಿ ತುಳಿದು ಬಿಗಿಮಾಡಿ, ಅದರ ಮೇಲೆ ಚಪ್ಪಟೆ ಕಲ್ಲುಗಳು. ಒಬ್ಬ ಎತ್ತಲು ಕಷ್ಟಪಡುವ ಹದಿನೈದು ಇಪ್ಪತ್ತು ಕಿಲೋ ಕಲ್ಲಾದರೆ ಹಂದಿಯ ಮೂತಿಗೂ ಕಷ್ಟ. ಕಲ್ಲಿನ ಸಂದಿಗೆ ಸೀಗೆಮುಳ್ಳು. ಮತ್ತೆ ಮಣ್ಣು, ಮತ್ತೆ ತುಳಿತ, ಕೊನೆಗೆ ನೆಲಕ್ಕಿಂತ ಒಂದಡಿ ಎತ್ತರದ ದಿಬ್ಬ. ಇಷ್ಟೆತ್ತರ ಯಾಕೆ ಅಂತ ಅನ್ನಿಸುತ್ತದೆ. ಆಶ್ಲೇಷ ಮಳೆ ಮುಗಿಯುವ ಹೊತ್ತಿಗೆ ಅದು ಅರ್ಧಕ್ಕೆ ಇಳಿದಿತ್ತು. ಸಮನಾಗಿ ಮುಚ್ಚಿದ್ದರೆ ಅಲ್ಲೊಂದು ನೀರು ನಿಲ್ಲುವ ಹೊಂಡ ಆಗಿರುತ್ತಿತ್ತು. ಮೂರನೇ ದಿನ ಹಾಲು-ತುಪ್ಪ ಬಿಡುವ ಮನೆಗಳಿವೆ. ಬಿಡುವುದಾದರೆ ಒಂದು ಚಮಚ ಮಣ್ಣಿಗೆ ಇಂಗಿಸಿ, ಎಲೆಯಲ್ಲಿ ಅನ್ನ ಇಟ್ಟು ಬರುವುದು ಬೇಡ.

ಹಾಸನ, ಚಿಕ್ಕಮಗಳೂರಿನ ಊರೊಳಗೆ ಮೂವತ್ತು-ನಲವತ್ತರ ಸೈಟಿನಲ್ಲಿರುವವರಿಗೆ ಇಷ್ಟು ಜಾಗ ಎಲ್ಲಿಂದ ಬರಬೇಕು. ಸಂಪಿನ ಪಕ್ಕ, ಕಾಂಪೌಂಡ್ ಅಡಿಪಾಯದ ಪಕ್ಕ ತೋಡಬಾರದು. ನೆಂಟರ ಹೊಲ ಇದ್ದರೆ ಕೇಳಿಕೊಂಡು ಅಲ್ಲಿ, ಬಯಲುಸೀಮೆಯ ಕಡೆಯ ಬೇಸಿಗೆಯ ಮಣ್ಣಾದರೆ ಹಿಂದಿನ ರಾತ್ರಿ ಎರಡು ಕೊಡ ನೀರು ಹುಯ್ದಿಟ್ಟರೆ ಹಾರೆ ಇಳಿಯುತ್ತದೆ. ಕೆರೆ ಏರಿ, ರಸ್ತೆಬದಿ ಬೇಡ. ಬೆಂಗಳೂರಿನ ಕೆಂಗೇರಿ ಕಡೆ ಸಾಕುಪ್ರಾಣಿಗಳಿಗೇ ಸ್ಮಶಾನ ಇದೆ. ಹಾಸನದಿಂದ ಹೋಗುವುದಾದರೆ ಮೊದಲು ಫೋನಿನಲ್ಲಿ ವಿಚಾರಿಸಿಕೊಂಡು ಹೊರಡಬೇಕು, ದಾರಿ ನೂರೆಪ್ಪತ್ತು ಎಂಬತ್ತು ಕಿಲೋಮೀಟರ್. ದಾರಿಯಲ್ಲಿ ಮೈ ಕೆಡದಿರಲಿ ಅಂತ ಬಿಡಿ ಐಸು ಇಟ್ಟರೆ ಅದು ಕರಗಿ ಕಾರೆಲ್ಲ ನೀರಾಗುತ್ತದೆ. ನೀರು ತುಂಬಿ ಗಟ್ಟಿಯಾಗಿಸಿದ ಪ್ಲಾಸ್ಟಿಕ್ ಬಾಟಲಿಗಳನ್ನು ಟವೆಲ್ಲಿನಲ್ಲಿ ಸುತ್ತಿ ಹೊಟ್ಟೆಯ ಎರಡೂ ಬದಿ, ಕತ್ತಿನಡಿ ಇಡಬೇಕು. ಮೊದಲು ಕೆಡುವುದು ಹೊಟ್ಟೆ.

ಇವೆಲ್ಲ ಒಂದು ದಿನದ ಕೆಲಸ. ಮಾರನೇ ದಿನದಿಂದ ಶುರುವಾಗುವುದು ಹೊತ್ತುಗಳು. ನಾಯಿ ಸತ್ತ ದುಃಖ ದಿನವಿಡೀ ಒಂದೇ ಸಮ ಇರುವುದಿಲ್ಲ, ಗಡಿಯಾರ ನೋಡಿಕೊಂಡು ಬರುತ್ತದೆ. ಬೆಳಿಗ್ಗೆ ಐದೂವರೆಗೆ ಬಾಗಿಲು ತೆಗೆಯುವಾಗ, ಹನ್ನೊಂದಕ್ಕೆ ಕೆಲಸದವರಿಗೆ ಕಾಫಿ ಕೊಡುವಾಗ, ಸಂಜೆ ಐದಕ್ಕೆ, ರಾತ್ರಿ ಒಂಬತ್ತಕ್ಕೆ ಬ್ಯಾಟರಿ ಹಿಡಿದು ಮನೆ ಸುತ್ತು ಬರುವಾಗ. ಈ ನಾಲ್ಕು ಹೊತ್ತನ್ನು ಬೇರೆಬೇರೆಯಾಗಿ ನೋಡಿಕೊಂಡರೆ ದಿನ ದಾಟುತ್ತದೆ.

ಮೊದಲನೇ ರಾತ್ರಿಯೇ ಜಗಲಿಯಿಂದ ಸರಪಳಿಯ ಸದ್ದು ಕೇಳಿತು. ಮನೆಯಲ್ಲಿ ಮೂವರೂ ಕೇಳಿದೆವು, ಮೂವರೂ ಒಬ್ಬರಿಗೊಬ್ಬರು ಹೇಳಲಿಲ್ಲ. ಎದ್ದು ಹೋಗಿ ನೋಡಿದರೆ ಕೊಕ್ಕೆಯಲ್ಲಿದ್ದ ಖಾಲಿ ಸರಪಳಿ ಗಾಳಿಗೆ ಕಂಬಕ್ಕೆ ತಾಗುತ್ತಿತ್ತು. ಇಲ್ಲದ ನಾಯಿಯ ಉಗುರಿನ ಸದ್ದು ಕೆಂಪು ನೆಲದ ಮೇಲೆ ಕೇಳಿಸುವುದು, ಬಾಗಿಲು ಕೆರೆದಂತಾಗುವುದು ಎಲ್ಲರಿಗೂ ಆಗುತ್ತದೆ, ತಲೆ ಕೆಟ್ಟಿತು ಅಂದುಕೊಳ್ಳಬೇಡಿ. ಎದ್ದು ಹೋಗಿ ಸದ್ದಿನ ಮೂಲ ಹುಡುಕಿ. ಹೆಂಚಿಗೆ ಉಜ್ಜುವ ಸಿಲ್ವರ್ ಓಕ್ ಮರದ ಕೊಂಬೆ, ಸಡಿಲಾದ ಅಗಳಿ, ಏನೋ ಒಂದು ಸಿಗುತ್ತದೆ. ಸರಪಳಿಯನ್ನು ಮೊದಲ ದಿನವೇ ತೆಗೆದಿಡಬೇಕು. ಬೋಗುಣಿ, ಕಂಬಳಿಗಳಿಗೆ ಅವಸರವಿಲ್ಲ. ಎಲ್ಲವನ್ನೂ ಒಂದೇ ದಿನ ಗೋಣಿಗೆ ತುಂಬಿ ಅಟ್ಟಕ್ಕೆ ಎಸೆದವರು ವಾರ ಕಳೆದು ಅಟ್ಟ ಹತ್ತುತ್ತಾರೆ. ಉಳಿದ ಸೂಜಿ, ಬಾಟಲಿಗಳನ್ನು ತಿಪ್ಪೆಗೆ ಎಸೆಯದೆ ಆಸ್ಪತ್ರೆಗೆ ಹಿಂದಿರುಗಿಸಿ. ತಿಪ್ಪೆಯ ಗೊಬ್ಬರ ನಾಳೆ ಬರಿಗೈಯಲ್ಲಿ ಎತ್ತುವುದು ನಮ್ಮ ಕೆಲಸದವರೇ.

ಅಡುಗೆಮನೆಯಲ್ಲಿ ಕೈ ಲೆಕ್ಕ ಬಿಡುವುದಿಲ್ಲ. ಒಂದು ಪಾವು ಅಕ್ಕಿ ಹೆಚ್ಚಿಗೇ ಬೀಳುತ್ತದೆ, ರಾತ್ರಿ ಅನ್ನ ಉಳಿಯುತ್ತದೆ, ಉಳಿದ ಅನ್ನ ನೋಡಿ ಮತ್ತೆ ಅಳು. ಅಕ್ಕಿಡಬ್ಬಿಯೊಳಗಿನ ಪಾವನ್ನೇ ಬದಲಿಸಿ ಸಣ್ಣ ಲೋಟ ಇಟ್ಟಿದ್ದು ನಮಗೆ ಕೆಲಸಕ್ಕೆ ಬಂತು. ಕಣ್ಣು ಬೇರೆ ಅಳತೆ ಕಂಡಾಗ ಕೈ ನಿಲ್ಲುತ್ತದೆ.

ಸಂಜೆ ಐದು ಎಲ್ಲಕ್ಕಿಂತ ಕಷ್ಟ. ಕೆಲಸ ಮುಗಿದು ಬೂಟು ಬಿಚ್ಚುವ ಮುಂಚಿನ ಅರ್ಧ ಗಂಟೆ, ಗೇಟಿನವರೆಗೆ ಸುತ್ತು, ಅದು ನಾಯಿಯದೇ ಹೊತ್ತು. ಆ ನಡಿಗೆ ಬಿಟ್ಟರೆ ಮೈಗೂ ಕೇಡು, ಅದೇ ದಾರಿಯಲ್ಲಿ ಹೋದರೆ ಪ್ರತಿ ತಿರುವಿನಲ್ಲೂ ನಿಲ್ಲುವಂತಾಗುತ್ತದೆ. ನಡಿಗೆ ಉಳಿಸಿ ಅದಕ್ಕೊಂದು ಕೆಲಸ ಕಟ್ಟುವುದು ನಾವು ಕಂಡುಕೊಂಡ ದಾರಿ. ಒಂದು ವಾರ ಕಾಳುಮೆಣಸಿನ ಬಳ್ಳಿಗೆ ಕೊಳೆರೋಗ ಬಂದಿದೆಯೇ ನೋಡುವುದು, ಇನ್ನೊಂದು ವಾರ ಕಾಲುವೆ ಕಟ್ಟಿದೆಯೇ ನೋಡುವುದು. ಊರಿನಲ್ಲಿರುವವರಿಗೆ ಮಹಾರಾಜ ಪಾರ್ಕೋ ರತ್ನಗಿರಿ ಬೋರೆಯೋ ಇದೆ. ನಾಯಿ ಹಿಡಿದು ಹೋಗುತ್ತಿದ್ದ ರಸ್ತೆಯನ್ನು ತಿಂಗಳು ಬಿಟ್ಟು, ಪರಿಚಯದವರ ಜೊತೆ ಹೋಗಿ. "ನಾಯಿ ಎಲ್ಲಿ?" ಅಂತ ದಾರಿಯಲ್ಲಿ ಕೇಳುವವರಿಗೆ ಜೊತೆಯವರು ಉತ್ತರ ಕೊಡುತ್ತಾರೆ. ತೋಟದವರಿಗೆ ಇನ್ನೊಂದು ಮಾತು. ಸಕಲೇಶಪುರ, ಆಲೂರು, ಬೇಲೂರು ಕಡೆ ಆನೆಯಿದೆ. ಇಷ್ಟು ವರ್ಷ ನಾಯಿಯ ಮೂಗು ನಮ್ಮ ಮುಂದೆ ನಡೆಯುತ್ತಿತ್ತು. ಆನೆಯನ್ನು ಕೆಣಕಿ ಯಜಮಾನನ ಕಾಲಡಿಗೇ ಓಡಿಬರುವ ನಾಯಿಗಳೂ ಇವೆ, ನಿಜ, ಆದರೂ ಗುರುಗುಟ್ಟುವಿಕೆ ಒಂದು ಸೂಚನೆಯಾಗಿತ್ತು. ಈಗ ಊರಿನ ವಾಟ್ಸಾಪ್ ಗುಂಪಿನಲ್ಲಿ ಆನೆ ಎಲ್ಲಿದೆ ನೋಡದೆ ಮಬ್ಬಿನಲ್ಲಿ ಇಳಿಯಬಾರದು. ಆರೂವರೆಗೆ ಒಳಗೆ ಬಂದು ಹಾಸನ ಆಕಾಶವಾಣಿ ಹಾಕಿಕೊಂಡು ಕೂತರೆ ಮನೆಯಲ್ಲಿ ಒಂದು ದನಿಯಾದರೂ ಇರುತ್ತದೆ.

ಉಳಿದ ನಾಯಿಯನ್ನು ಮರೆಯುತ್ತೇವೆ. ನಮ್ಮಲ್ಲಿ ಬೆಳ್ಳಿ ಇದ್ದಳು, ಐದು ವರ್ಷದವಳು. ಕೆಂಚನ ಮೈಯನ್ನು ಮೂಸಲು ಬಿಟ್ಟೆವು. ಒಮ್ಮೆ ಕಿವಿ ಮೂಸಿ, ಎರಡು ಹೆಜ್ಜೆ ಹಿಂದೆ ಸರಿದು ಕೂತಳು. ಹಾಗೆ ತೋರಿಸದಿದ್ದರೆ ಉಳಿದ ನಾಯಿ ವಾರಗಟ್ಟಲೆ ಬಾಗಿಲಲ್ಲಿ ಕಾಯುವುದನ್ನು ಕಂಡವರಿದ್ದಾರೆ. ತೋರಿಸಿದರೂ ಕೆಲವು ಹುಡುಕುತ್ತವೆ, ಊಟ ಕಡಿಮೆ ಮಾಡುತ್ತವೆ, ಸತ್ತ ನಾಯಿ ಮಲಗುತ್ತಿದ್ದ ಜಾಗದಲ್ಲೇ ಹೋಗಿ ಮಲಗುತ್ತವೆ. ಊಟದ ಹೊತ್ತು ಬದಲಿಸಬಾರದು. ಪಾಪ ಅಂತ ಕೋಳಿ, ಬಿಸ್ಕತ್ತು ಹಾಕತೊಡಗಿದರೆ ರಾಗಿಮುದ್ದೆ ಮುಟ್ಟುವುದಿಲ್ಲ, ಅದು ದುಃಖವಲ್ಲ, ಚಾಳಿ. ಆದರೆ ಒಂದು ದಿನ ಪೂರ್ತಿ ಏನೂ ತಿನ್ನದಿದ್ದರೆ ಕೂಡಲೇ ಥರ್ಮಾಮೀಟರ್ ತೆಗೆಯಿರಿ. ನಾಯಿಯ ಸಹಜ ಶಾಖ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ಬೆಳ್ಳಿ ನಾಲ್ಕನೇ ದಿನ ಮಂಕಾಗಿ ಮಲಗಿದಾಗ ಎಲ್ಲರೂ ಕೆಂಚನ ಕೊರಗು ಅಂದುಕೊಂಡೆವು. ಶಾಖ 104 ಇತ್ತು, ಒಸಡು ಬಿಳಿಚಿತ್ತು. ಉಣುಗು ಜ್ವರ. ಡಾಕ್ಸಿಸೈಕ್ಲಿನ್ 28 ದಿನ ಬಿಡದೆ ಕೊಡಬೇಕಾಯಿತು. ಕೊರಗಿಗೂ ಜ್ವರಕ್ಕೂ ಹೊರಗಿನ ಲಕ್ಷಣ ಒಂದೇ, ಬೇರೆ ಮಾಡುವುದು ಥರ್ಮಾಮೀಟರ್ ಮತ್ತು ಒಸಡಿನ ಬಣ್ಣ. ಎರಡು ದಿನ ತಡವಾಗಿದ್ದರೆ ಎರಡನೇ ಗುಂಡಿ ತೋಡಬೇಕಾಗುತ್ತಿತ್ತು.

ಮಕ್ಕಳಿಗೆ ನಿದ್ದೆ ಮಾಡ್ತಿದಾನೆ, ಊರಿಗೆ ಹೋಗಿದಾನೆ ಅನ್ನಬೇಡಿ. ನಿದ್ದೆ ಅಂದರೆ ರಾತ್ರಿ ಮಲಗಲು ಹೆದರುತ್ತವೆ, ಊರು ಅಂದರೆ ದಿನಾ ಗೇಟು ನೋಡುತ್ತವೆ. "ಕೆಂಚ ಸತ್ತುಹೋದ ಪುಟ್ಟಿ. ಅವನ ಮೈ ಕೆಲಸ ಮಾಡೋದು ನಿಲ್ಲಿಸ್ತು. ಇನ್ನು ಬರಲ್ಲ" ಅಂದರೆ ಸಾಕು. "ಅಜ್ಜೀ, ಮಣ್ಣೊಳಗೆ ಅವನಿಗೆ ಚಳಿ ಆಗಲ್ವಾ?" ಅಂತ ಬಂದ ಪ್ರಶ್ನೆಗೆ, ಸತ್ತವರಿಗೆ ಚಳಿ, ಹಸಿವು, ನೋವು ಯಾವುದೂ ಇರಲ್ಲ ಅನ್ನುವುದೇ ನಿಜವಾದ ಉತ್ತರ. ಅದೇ ಪ್ರಶ್ನೆ ಹತ್ತು ಸಲ ಬರುತ್ತದೆ, ಹತ್ತು ಸಲವೂ ಅದೇ ಉತ್ತರ ಕೊಡಬೇಕು. ದೊಡ್ಡವರಲ್ಲಿ "ನಾಯಿ ತಾನೇ, ಇನ್ನೊಂದು ತಂದ್ರಾಯ್ತು" ಅನ್ನುವವರು ಸಿಗುತ್ತಾರೆ. ಅವರಿಗೆ ವಾದದ ಉತ್ತರ ಬೇಡ, "ಹದಿಮೂರು ವರ್ಷ ಇದ್ದ" ಅಂತ ಹೇಳಿ ಸುಮ್ಮನಾದರೆ ಹೆಚ್ಚಿನವರಿಗೆ ಅರ್ಥವಾಗುತ್ತದೆ.

ಇನ್ನೊಂದನ್ನು ಯಾವಾಗ ತರಬೇಕು? ತಿಂಗಳ ಲೆಕ್ಕ ನಾನು ಹೇಳಲಾರೆ, ಕಾಯಿಲೆಯ ಲೆಕ್ಕ ಹೇಳಬಲ್ಲೆ. ಹೋದ ನಾಯಿ ಪಾರ್ವೋ ಅನ್ನುವ ವಾಂತಿ-ಭೇದಿಯ ಕಾಯಿಲೆಯಿಂದ ಹೋಗಿದ್ದರೆ ಅದರ ವೈರಸ್ ಮಣ್ಣಿನಲ್ಲಿ ವರ್ಷದವರೆಗೂ ಉಳಿಯಬಹುದು. ನೆಲ, ಬೋಗುಣಿಯನ್ನು ಬ್ಲೀಚ್ ನೀರಲ್ಲಿ ತೊಳೆಯಬಹುದು, ಅಂಗಳವನ್ನು ತೊಳೆಯಲಾಗುವುದಿಲ್ಲ. ಅಂಥ ಮನೆಗೆ ಲಸಿಕೆಯಾಗದ ಮರಿ ತರಲೇಬಾರದು. ಆರರಿಂದ ಎಂಟು ವಾರಕ್ಕೆ ಶುರುವಾಗಿ ಮೂರು ನಾಲ್ಕು ವಾರಕ್ಕೊಮ್ಮೆ, ಹದಿನಾರು ವಾರ ತುಂಬುವವರೆಗೆ ಲಸಿಕೆ ಮುಗಿದ ಮೇಲೆ ಅಂಗಳಕ್ಕೆ ಬಿಡಬೇಕು. ಬಂದ ಮರಿಗೆ ಹಳೇ ಹೆಸರು ಇಡಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಆ ಹೆಸರು ಕೂಗಿದಾಗ ಬರುವವನು ಬೇರೆಯವನು, ಅದು ಮರಿಗೂ ಅನ್ಯಾಯ.

ಗುರುತಿನ ಕಲ್ಲನ್ನು ಮಳೆಗಾಲದಲ್ಲಿ ನೆಡಬೇಡಿ, ಮಣ್ಣು ಕೂರುವಾಗ ವಾಲುತ್ತದೆ. ನಾಯಿಗೆ ಕಲ್ಲು ನಿಲ್ಲಿಸುವುದು ಈಗಿನವರ ಖಯಾಲಿ ಅನ್ನುವವರಿಗೆ ಆತಕೂರಿನ ಕಥೆ ಹೇಳಬೇಕು. ಮಂಡ್ಯ ಜಿಲ್ಲೆಯ ಆ ಊರಿನಲ್ಲಿ ಸುಮಾರು ಕ್ರಿ.ಶ. 949-50ರಲ್ಲಿ ಕಾಳಿ ಅನ್ನುವ ಬೇಟೆನಾಯಿಗೆ ಕಲ್ಲು ನಿಲ್ಲಿಸಿದರು. ಚೋಳರ ವಿರುದ್ಧದ ತಕ್ಕೋಲದ ಯುದ್ಧದಲ್ಲಿ ಕಾದಿದ ಮಣಲೇರ ಅನ್ನುವ ವೀರ, ಅವನ ದೊರೆ ಏನು ಬೇಕು ಕೇಳು ಅಂದಾಗ ಕೇಳಿದ್ದು ಆ ನಾಯಿಯನ್ನು. ಕಾಳಿ ಕಾಡುಹಂದಿಯೊಡನೆ ಸೆಣಸಿತು, ಎರಡೂ ಸತ್ತವು. ಆ ಕಲ್ಲನ್ನು ಪೂಜಿಸದೆ ಉಣ್ಣಬಾರದು ಅಂತ ಅಲ್ಲಿಯ ಪೂಜಾರಿಗೆ ಕಟ್ಟುಪಾಡೂ ಶಾಸನದಲ್ಲಿದೆ. ನಾಯಿಯೂ ಹಂದಿಯೂ ಕಾದುತ್ತಿರುವ ಕೆತ್ತನೆಯ ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.

ನಮ್ಮದು ಅಂಥ ಕಲ್ಲೇನಲ್ಲ. ಹಳ್ಳದಲ್ಲಿ ಸಿಕ್ಕಿದ ಎರಡಡಿಯ ಒಂದು ಕಲ್ಲು. ಅಕ್ಟೋಬರಿನಲ್ಲಿ ದಿಬ್ಬಕ್ಕೆ ಎರಡನೇ ಸಲ ಆರು ಬಾಣಲಿ ಮಣ್ಣು ಹಾಕಿ ತುಳಿದು, ನವೆಂಬರಿನಲ್ಲಿ ಕಾಫಿ ಹಣ್ಣು ಬಿಡಿಸಲು ಶುರುಮಾಡುವ ಹಿಂದಿನ ಭಾನುವಾರ ನೆಟ್ಟೆವು. ಮುಕ್ಕಾಲು ಅಡಿ ಮಣ್ಣೊಳಗೆ, ಒಂದೂಕಾಲು ಅಡಿ ಮೇಲೆ, ಬುಡಕ್ಕೆ ಜಲ್ಲಿ ಬಡಿದು. ತಲೆಕಡೆಯಲ್ಲಿ ಜುಲೈಯಲ್ಲೇ ಚುಚ್ಚಿದ್ದ ಹಾಲುವಾಣದ ಗೂಟ ಆ ಹೊತ್ತಿಗೆ ಮೂರು ಕಡೆ ಚಿಗುರಿತ್ತು. ರಾತ್ರಿ ಒಂಬತ್ತರ ಸುತ್ತಿಗೆ ಈಗ ಬೆಳ್ಳಿ ಬರುತ್ತಾಳೆ. ಕಲ್ಲಿನ ಹತ್ತಿರ ನಿಲ್ಲುವುದಿಲ್ಲ, ಬ್ಯಾಟರಿ ಬೆಳಕಿನ ಮುಂದೆ ಮುಂದೆ ಹೋಗುತ್ತಾಳೆ.